ದೊಡ್ಡಮ್ಮನ ಕಾಲು, ಕಂಪನಿಯ ವಾರಂಟಿ

ನಮ್ಮೂರಿನಲ್ಲಿ ಮನೆಯಿಂದ ಮಾರುಕಟ್ಟೆಗೆ ಹೋಗುವ ದಾರಿ ಇಳಿಜಾರು. ಮಾರುಕಟ್ಟೆಯಿಂದ ಮನೆಗೆ ಬರುವ ದಾರಿಯೂ ಇಳಿಜಾರು. ಅದೇ ರಸ್ತೆ, ಅದೇ ಡಾಂಬರು, ಅವೇ ಗುಂಡಿಗಳು. ಹೋಗುವಾಗಲೂ ಇಳಿಯುತ್ತೇವೆ, ಬರುವಾಗಲೂ ಇಳಿಯುತ್ತೇವೆ. ಹೊರಗಿನಿಂದ ಬಂದವರು ಮೊದಲ ದಿನ ಇದನ್ನು ಕೇಳಿ ನಗುತ್ತಾರೆ, ಎರಡನೆಯ ದಿನ ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ. ನಮಗೆ ಅಭ್ಯಾಸ. ಅಂಗಡಿಯವರು ನಿಂಬೆಹಣ್ಣನ್ನು ಗುಡ್ಡೆ ಹಾಕುವುದಿಲ್ಲ, ಬಲೆಯಲ್ಲಿ ಕಟ್ಟಿ ನೇತುಹಾಕುತ್ತಾರೆ. ಇರುವ ಒಂದೇ ಪೆಟ್ರೋಲ್ ಬಂಕಿನ ಯಜಮಾನ ವ್ಯಾಪಾರವಿಲ್ಲದೆ ಬೇಸತ್ತು, ಬಂಕಿನ ಪಕ್ಕದ ಕೋಣೆಯಲ್ಲಿ ಟೈಲರಿಂಗ್ ಶುರು ಮಾಡಿ ಈಗ ರವಿಕೆ ಹೊಲಿಯುವುದರಲ್ಲಿ ಹೆಸರು ಮಾಡಿದ್ದಾನೆ. ಗಂಡು ನೋಡಲು ಹೋದವರು ಸಂಬಳ, ಮನೆ, ಜಾತಕ ಎಲ್ಲ ವಿಚಾರಿಸಿದ ಮೇಲೆ ಕೊನೆಗೆ ದನಿ ತಗ್ಗಿಸಿ, ಹುಡುಗನ ಬ್ರೇಕ್ ಹೇಗೆ ಎಂದು ಕೇಳುತ್ತಾರೆ.

ನನ್ನ ಹೆಸರು ಷಡಕ್ಷರಿ. ಊರಿನ ಕಾರ್ ಸರ್ವಿಸ್ ಸೆಂಟರಿನಲ್ಲಿ ಮುಂದಿನ ಮೇಜಿನಲ್ಲಿ ಕೂತು, ಬಂದ ಗಾಡಿಗಳ ದೂರು ಬರೆದುಕೊಳ್ಳುವವನು. ಎಂಜಿನ್ನಿನ ದೂರು ತರುವವರು ವರ್ಷಕ್ಕೆ ಒಬ್ಬರೋ ಇಬ್ಬರೋ. ಉಳಿದದ್ದೆಲ್ಲ ಬ್ರೇಕಿನದ್ದೇ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ, ಆ ಹೊಗಳಿಕೆಯಿಂದ ನಾನು ಬೇಕಾದ್ದಕ್ಕಿಂತ ನಾಲ್ಕು ಸಾಲು ಹೆಚ್ಚೇ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಇದನ್ನು ಇಲ್ಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ಆದ ಎಡವಟ್ಟಿಗೆಲ್ಲ ಆ ನಾಲ್ಕು ಸಾಲೇ ಕಾರಣ.

ಸರ್ವಮಂಗಳಮ್ಮ ನನ್ನ ತಾಯಿಯ ಅಕ್ಕ. ನನಗೆ ದೊಡ್ಡಮ್ಮ, ಊರಿಗೆ ಮೇಡಂ. ಮೂವತ್ತು ವರ್ಷದಿಂದ ಸರ್ವಮಂಗಳಾ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾಳೆ. ಊರಿನಲ್ಲಿ ಗಾಡಿ ಓಡಿಸುವವರಲ್ಲಿ ಮುಕ್ಕಾಲುಪಾಲು ಜನ ಅವಳ ಪಕ್ಕದ ಸೀಟಿನಲ್ಲಿ ಕೂತು ಬೈಸಿಕೊಂಡು ಕಲಿತವರೇ. ಬೇರೆ ಊರಿನಲ್ಲಿ ಡ್ರೈವಿಂಗ್ ಹೇಳಿಕೊಡುವವರು ಮೊದಲು ಕ್ಲಚ್ಚು, ಆಮೇಲೆ ಆಕ್ಸಿಲರೇಟರ್ ಎನ್ನುತ್ತಾರಂತೆ. ದೊಡ್ಡಮ್ಮ ಮೊದಲ ಹತ್ತು ದಿನ ಬ್ರೇಕ್ ಒಂದನ್ನೇ ಹೇಳಿಕೊಡುತ್ತಾಳೆ. ಹನ್ನೊಂದನೆಯ ದಿನ ಮರ್ಯಾದೆ ಹೇಳಿಕೊಡುತ್ತಾಳೆ.

ಈ ಮರ್ಯಾದೆಯ ಪಾಠ ಏನೆಂದರೆ, ನಮ್ಮೂರಿನಲ್ಲಿ ಯಾರ ಮನೆಯ ಮುಂದಾದರೂ ಗಾಡಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದರೆ, ಆ ಕಿರ್ರೆನ್ನುವ ಸದ್ದು ಒಳಗೆ ಕೇಳಿಸಿದರೆ, ಊಟಕ್ಕೆ ನಿಂತೆ ಎಂದು ಅರ್ಥ. ಒಳಗಿರುವವರು ಎಲೆ ಹಾಕಲೇಬೇಕು, ಎಳೆದವರು ಉಣ್ಣಲೇಬೇಕು. ಪರಮೇಶಿ ಎಂಬೊಬ್ಬ ಒಂದೇ ಬೆಳಗ್ಗೆ ಮೂರು ಮನೆಯ ಮುಂದೆ ಎಳೆದು ಮೂರು ಸಲ ಉಪ್ಪಿಟ್ಟು ತಿಂದದ್ದಕ್ಕೆ, ಈಗ ಅರವತ್ತು ದಾಟಿದರೂ ಅವನನ್ನು ಜನ ಹ್ಯಾಂಡ್ ಬ್ರೇಕ್ ಪರಮೇಶಿ ಎಂದೇ ಕರೆಯುತ್ತಾರೆ. ಹಾಗಾಗಿ ಮಾನವಂತರು ದಾರಿಯಲ್ಲಿ ಯಾರಾದರೂ ಮಾತಿಗೆ ನಿಲ್ಲಿಸಿದರೆ ಹ್ಯಾಂಡ್ ಬ್ರೇಕ್ ಮುಟ್ಟುವುದಿಲ್ಲ. ಕಾಲಿನಲ್ಲೇ ಬ್ರೇಕನ್ನು ಅದುಮಿ ಹಿಡಿದು, ಕಿಟಕಿಯಿಂದಲೇ ಕ್ಷೇಮ ಸಮಾಚಾರ ಮುಗಿಸಿ ಇಳಿದು ಹೋಗುತ್ತಾರೆ. ಮೂವತ್ತು ವರ್ಷದಲ್ಲಿ ದೊಡ್ಡಮ್ಮ ಯಾವ ಶಿಷ್ಯರ ಮನೆಯ ಮುಂದೂ ಹ್ಯಾಂಡ್ ಬ್ರೇಕ್ ಎಳೆದವಳಲ್ಲ, ಒಬ್ಬರ ಮನೆಯಲ್ಲೂ ಒಂದು ತುತ್ತು ಉಂಡವಳಲ್ಲ.

ಅವಳ ಹಳೆಯ ಕಾರು ಇಪ್ಪತ್ತೆರಡು ವರ್ಷ ಬಾಳಿ ಕೊನೆಗೆ ಕೈಯೆತ್ತಿತು. ಹೊಸದು ಕೊಂಡಳು. ಹನ್ನೊಂದು ತಿಂಗಳಿಗೆ ಹೊಸದರ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ನಡುಗತೊಡಗಿತು, ಪೆಡಲ್ಲು ಕಾಲನ್ನು ಹಿಂದಕ್ಕೆ ಒದೆಯತೊಡಗಿತು. ಕಾರನ್ನು ತಂದು ನನ್ನ ಮೇಜಿನ ಎದುರಿಗೇ ನಿಲ್ಲಿಸಿದಳು. ಚಕ್ರ ಬಿಚ್ಚಿ ನೋಡಿದರೆ ಮುಂದಿನ ಎರಡೂ ಡಿಸ್ಕು ಸೊಟ್ಟಗಾಗಿದ್ದವು. ಚಕ್ರದ ಜೊತೆ ತಿರುಗುವ ಆ ಕಬ್ಬಿಣದ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡುಗಳು ಕಚ್ಚಿದರೆ ಗಾಡಿ ನಿಲ್ಲುತ್ತದೆ. ತಟ್ಟೆ ಒಂದು ಕೂದಲೆಳೆಯಷ್ಟು ಸೊಟ್ಟಗಾದರೂ ಸಾಕು, ಇಡೀ ಗಾಡಿ ನಡುಗುತ್ತದೆ. ವಾರಂಟಿ ಎರಡು ವರ್ಷ ಇತ್ತು. ನಾನು ಧೈರ್ಯ ಹೇಳಿ ಅರ್ಜಿ ಬರೆಯಲು ಕೂತೆ.

ಅರ್ಜಿಯಲ್ಲಿ, ಗಾಡಿ ಓಡಿಸುವವರ ಚಾಲನೆಯ ರೀತಿ, ಎಂದು ಒಂದು ಕಾಲಮ್ಮು. ಇಂಥ ಅವಕಾಶವನ್ನು ಬಿಡುವುದುಂಟೇ? ದೊಡ್ಡಮ್ಮನ ಬಗ್ಗೆ ನನ್ನ ಮನಸ್ಸಿನಲ್ಲಿ ಚಿಕ್ಕಂದಿನಿಂದ ಇದ್ದದ್ದನ್ನೆಲ್ಲ ದುಂಡಗೆ ಇಳಿಸಿದೆ. "ಇವರಂತೆ ಬ್ರೇಕ್ ಹಿಡಿಯುವವರು ಸುತ್ತಮುತ್ತ ಇಲ್ಲ. ಮೂವತ್ತು ವರ್ಷದಲ್ಲಿ ಇವರ ಕಾಲು ಬ್ರೇಕ್ ಬಿಟ್ಟು ಕದಲಿದ್ದನ್ನು ಯಾರೂ ಕಂಡಿಲ್ಲ. ಇಡೀ ಊರಿಗೆ ಇದನ್ನೇ ಕಲಿಸಿದ್ದಾರೆ." ಬರೆದು ಮುಗಿಸಿ ಎರಡು ಸಲ ಓದಿಕೊಂಡೆ. ಕಣ್ಣು ತುಂಬಿ ಬಂತು. ನಮ್ಮೂರಿನಲ್ಲಿ ಒಬ್ಬರ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಹೇಳಲು ಬರುವುದಿಲ್ಲ.

ಕಂಪನಿಯ ಉತ್ತರ ಹತ್ತು ದಿನಕ್ಕೆ ಬಂತು. "ಅರ್ಜಿಯಲ್ಲಿ ತಿಳಿಸಿರುವಂತೆ ಚಾಲಕಿಯು ಸದಾ ಬ್ರೇಕಿನ ಮೇಲೆ ಕಾಲಿಟ್ಟು ಗಾಡಿ ಓಡಿಸುತ್ತಾರೆ. ಚಾಲಕಿಗೆ ಬ್ರೇಕ್ ಬಳಸುವ ಸರಿಯಾದ ತಿಳಿವಳಿಕೆ ಇಲ್ಲ. ವಾರಂಟಿ ಅನ್ವಯಿಸುವುದಿಲ್ಲ." ಕಾಗದವನ್ನು ಮಡಿಸಿ ಡ್ರಾಯರಿನ ತಳದಲ್ಲಿ ಬಚ್ಚಿಟ್ಟೆ. ಆದರೆ ಟಪಾಲನ್ನು ನನಗಿಂತ ಮುಂಚೆ ಒಡೆದು ಓದುವ ಮೂರು ಜನ ನಮ್ಮ ಸರ್ವಿಸ್ ಸೆಂಟರಿನಲ್ಲಿದ್ದಾರೆ. ಸುದ್ದಿಗೂ ನಮ್ಮೂರಿನಲ್ಲಿ ಎಲ್ಲ ದಿಕ್ಕೂ ಇಳಿಜಾರೇ. ಮಧ್ಯಾಹ್ನದ ಹೊತ್ತಿಗೆ, ಸರ್ವಮಂಗಳಾ ಮೇಡಂಗೆ ಬ್ರೇಕ್ ಬರಲ್ಲವಂತೆ, ಕಂಪನಿಯವರೇ ಬರೆದುಕೊಟ್ಟಿದ್ದಾರಂತೆ, ಎಂಬ ಮಾತು ಮನೆಮನೆಗೆ ಮುಟ್ಟಿತ್ತು.

ಆಗ ಅವಳ ಹತ್ತಿರ ಹದಿನಾಲ್ಕು ಜನ ಕಲಿಯುತ್ತಿದ್ದರು. ಮೊದಲು ಬಿಡಿಸಿಕೊಂಡು ಹೋದವರು ಸರ್ವೆ ಆಫೀಸಿನ ಚಂದ್ರಮೌಳಿ. ಅವರೂ ಹಿಂದೆ ದೊಡ್ಡಮ್ಮನ ಶಿಷ್ಯರೇ. ಈಗ ಮಗಳು ಬಿಂದುವನ್ನು ಸೇರಿಸಿದ್ದರು. ಹುಡುಗಿಗೆ ಪರೀಕ್ಷೆ ಇದೆ, ಸ್ವಲ್ಪ ದಿನ ಬೇಡ ಮೇಡಂ, ಎಂದು ಕಾರಿನ ಕಿಟಕಿಯಿಂದಲೇ ಹೇಳಿ ಹೋದರು. ಪರೀಕ್ಷೆ ಮುಗಿದು ಒಂದು ತಿಂಗಳಾಗಿದ್ದದ್ದು ದೊಡ್ಡಮ್ಮನಿಗೂ ಗೊತ್ತಿತ್ತು. ವಾರದಲ್ಲಿ ಹದಿನಾಲ್ಕರಲ್ಲಿ ಮೂರು ಉಳಿಯಿತು. ಆ ಮೂರರಲ್ಲಿ ಒಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ನಾನು ಹೋದಾಗ ದೊಡ್ಡಮ್ಮ ಮನೆಯ ಮುಂದಿನ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ತೆಗೆಯುವ ಮುಂಚೆ ಚೊಕ್ಕ ಮಾಡಿಬಿಡೋಣ ಅಂತ, ಎಂದಳು. ಅವಳು ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಡಿಸ್ಕು ಬೇಡ, ಏನೂ ಬೇಡ, ಆ ಒಂದು ಸಾಲು ಅಳಿಸಿಕೊಡಲಿ, ಅಷ್ಟು ಸಾಕು ಎಂದಳು. ಅರ್ಜಿಯಲ್ಲಿ ನಾನು ಬರೆದದ್ದನ್ನು ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಆ ರಾತ್ರಿಯೆಲ್ಲ ನನ್ನನ್ನು ನಾನೇ ಬೈದುಕೊಂಡು, ಬೆಳಗ್ಗೆ ಎದ್ದು ಕಂಪನಿಗೆ ಮತ್ತೊಂದು ಕಾಗದ ಹಾಕಿದೆ. ಈ ಸಲ ಎರಡೇ ಸಾಲು ಬರೆದೆ. ಒಬ್ಬರನ್ನು ಕಳಿಸಿ, ಬಂದು ಕಣ್ಣಾರೆ ನೋಡಲಿ, ಎಂದು.

ಬಂದವರು ವಾದಿರಾಜ ಎಂಬುವರು. ಐವತ್ತರ ಆಸುಪಾಸು, ಇಸ್ತ್ರಿ ಅಂಗಿ, ಬಗಲಲ್ಲಿ ವಾರಂಟಿಯ ಪುಸ್ತಕ. ಹೆಸರಿಗೆ ತಕ್ಕಂತೆ ವಾದ ಮಾಡಲೆಂದೇ ಬಂದಿದ್ದರು. ಇಳಿಜಾರು ಒಂದು ನೆಪ, ಇಳಿದು ಹೋದವರು ವಾಪಸ್ಸು ಬರುವಾಗ ಏರಲೇಬೇಕು, ಏರುವಾಗ ಬ್ರೇಕು ತಣ್ಣಗಾಗುತ್ತದೆ ಎಂದು ಬೆರಳು ಮಡಿಸಿ ಮಡಿಸಿ ನನಗೆ ವಿವರಿಸಿದರು. ನಾನು ತಲೆಯಾಡಿಸಿ, ದೊಡ್ಡಮ್ಮನ ಕಾರಿನ ಮುಂದಿನ ಸೀಟು ತೋರಿಸಿ, ಹಿಂದೆ ನಾನು ಕೂತೆ.

ಮಾರುಕಟ್ಟೆಯವರೆಗೂ ಇಳಿದೆವು. ವಾದಿರಾಜರು ಅವಳ ಕಾಲನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಆಡಿದ ಕಾಲು ಅದು. ಒತ್ತುತ್ತಿತ್ತು, ಬಿಡುತ್ತಿತ್ತು, ಗೇರು ತಗ್ಗಿಸಿ ಮತ್ತೆ ಒತ್ತುತ್ತಿತ್ತು. ಸ್ಟೀರಿಂಗ್ ನಡುಗುತ್ತಿದ್ದರೂ ಸೀಟಿನಲ್ಲಿ ಕೂತವರು ಒಂದಿಷ್ಟೂ ಮುಂದಕ್ಕೆ ಮುಗ್ಗರಿಸಲಿಲ್ಲ. ಅವರು ಪುಸ್ತಕದಲ್ಲಿ ಏನೋ ಗೀಚಿಕೊಂಡರು. ಮಾರುಕಟ್ಟೆಯಲ್ಲಿ ಗಾಡಿ ತಿರುಗಿಸಿ, ಬಂದ ದಾರಿಯಲ್ಲೇ ಮನೆಯ ಕಡೆಗೆ ಇಳಿದೆವು. ಅವರು ಪೆನ್ನು ನಿಲ್ಲಿಸಿದರು. ಕಿಟಕಿಯಿಂದ ಹಿಂದೆ ನೋಡಿದರು, ಮುಂದೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಏರುವಾಗ ತಣ್ಣಗಾಗುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಹೋಗುತ್ತಾ ಬರುತ್ತಾ ಒಂಬತ್ತು ಕಡೆ ನಿಲ್ಲಬೇಕಾಯಿತು. ಕಂಪನಿಯವರನ್ನು ಕೂರಿಸಿಕೊಂಡು ಮೇಡಂ ಹೋಗುತ್ತಿದ್ದಾರೆ ಎಂದಾಗ, ಅದುವರೆಗೆ ಮುಖ ತಪ್ಪಿಸುತ್ತಿದ್ದವರಿಗೂ ಮಾತಾಡಿಸುವ ಆಸೆ ಹುಟ್ಟಿತ್ತು. ಒಬ್ಬರು ಸೊಸೆಯ ಬಾಣಂತನ ಹೇಳಿದರು, ಇನ್ನೊಬ್ಬರು ನೀರಿನ ಟ್ಯಾಂಕು ಒಡೆದದ್ದು ಹೇಳಿದರು. ಪ್ರತಿ ಸಲವೂ ದೊಡ್ಡಮ್ಮ ಕಾಲಿನಲ್ಲೇ ಬ್ರೇಕ್ ಅದುಮಿ ಹಿಡಿದು ನಕ್ಕು ಮಾತಾಡಿದಳು. ಐದು ನಿಮಿಷ, ಏಳು ನಿಮಿಷ. ನಾಲ್ಕನೆಯ ಸಲಕ್ಕೆ ವಾದಿರಾಜರು ಅವಳ ಕಾಲು ಬಿಟ್ಟು, ಮಧ್ಯದಲ್ಲಿ ಸುಮ್ಮನೆ ಮಲಗಿದ್ದ ಹ್ಯಾಂಡ್ ಬ್ರೇಕನ್ನು ನೋಡತೊಡಗಿದರು. ಅದರ ಹಿಡಿಗೆ ಶೋರೂಮಿನವರು ಸುತ್ತಿದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಇದನ್ನೇಕೆ ಎಳೆಯುವುದಿಲ್ಲ ಎಂದು ಕೇಳಿದರು. ಯಾರ ಮನೆ ಮುಂದೆ ಎಳೆಯೋದು, ನಾಚಿಕೆಗೇಡು, ಎಂದಳು ದೊಡ್ಡಮ್ಮ. ನಾನು ಹಿಂದಿನಿಂದ ಬಗ್ಗಿ ಊಟದ ವಿಷಯವನ್ನೂ ಪರಮೇಶಿಯ ಉಪ್ಪಿಟ್ಟನ್ನೂ ವಿವರವಾಗಿ ತಿಳಿಸಿದೆ.

ಸರ್ವಿಸ್ ಸೆಂಟರಿಗೆ ಬಂದು ಚಕ್ರ ಬಿಚ್ಚಿಸಿ, ಡಿಸ್ಕಿಗೆ ಒಂದು ಸಣ್ಣ ಗಡಿಯಾರದಂಥ ಅಳತೆಯ ಸಾಧನ ಆನಿಸಿ ಮೆಲ್ಲಗೆ ತಿರುಗಿಸಿದರು. ಮುಳ್ಳು ಒಂದೇ ಜಾಗದಲ್ಲಿ ಪ್ರತಿ ಸಲವೂ ಎಗರುತ್ತಿತ್ತು. ಅವರು ಎದ್ದು ಕೈ ಒರೆಸಿಕೊಂಡರು. ಮುಖದಲ್ಲಿ ಬರುವಾಗಿದ್ದ ಹುರುಪು ಇರಲಿಲ್ಲ.

"ಅಮ್ಮಾ, ನೀವು ಬ್ರೇಕ್ ಹಿಡಿಯೋದ್ರಲ್ಲಿ ನನಗೆ ಒಂದೂ ತಪ್ಪು ಸಿಗ್ಲಿಲ್ಲ. ತಪ್ಪಾಗ್ತಿರೋದು ನಿಂತ ಮೇಲೆ. ಇಳಿದು ಬಂದಾಗ ಡಿಸ್ಕು ಕೆಂಡ ಆಗಿರತ್ತೆ. ನೀವು ಕಾಲು ತೆಗೆಯಲ್ಲ. ಪ್ಯಾಡು ಒಂದೇ ಜಾಗನ ಕಚ್ಕೊಂಡು ನಿಂತ್ಬಿಡತ್ತೆ. ಬೇರೆ ಕಡೆ ಎಲ್ಲ ಆರತ್ತೆ, ಅದೊಂದು ಜಾಗ ಆರಲ್ಲ. ಅಲ್ಲೇ ಸೊಟ್ಟಗಾಗೋದು. ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರನ. ಅದನ್ನ ಎಳೆದು ಕಾಲು ತೆಗೆದ್ರೆ ಮುಂದಿನ ಡಿಸ್ಕಿಗೆ ಏನೂ ಆಗ್ತಿರ್ಲಿಲ್ಲ."

ದೊಡ್ಡಮ್ಮ, ಹಳೆಯ ಕಾರಿಗೆ ಇಪ್ಪತ್ತೆರಡು ವರ್ಷ ಏನೂ ಆಗಲಿಲ್ಲವಲ್ಲ ಎಂದಳು. ಅದರಲ್ಲಿ ಡಿಸ್ಕು ಇರಲಿಲ್ಲ, ತಟ್ಟೆಯ ಬದಲು ಡಬ್ಬಿಯಂಥ ಡ್ರಮ್ಮಿತ್ತು, ಅದು ಹೀಗೆ ಸೊಟ್ಟಗಾಗುವುದಿಲ್ಲ, ಆ ಕಾಲಕ್ಕೆ ನೀವು ಹೇಳಿಕೊಟ್ಟದ್ದರಲ್ಲಿ ತೊಂದರೆ ಇರಲಿಲ್ಲ ಎಂದರು ಅವರು. ಈಗ ಬರುವ ಗಾಡಿಗಳಲ್ಲೆಲ್ಲ ಮುಂದೆ ಡಿಸ್ಕೇ. ಊರಿನ ಹೊಸ ಕಾರುಗಳೆಲ್ಲ ನಡುಗುವುದು ಆಗ ನನ್ನ ನೆನಪಿಗೆ ಬಂತು. ಕಾರೆಂದರೆ ಸ್ವಲ್ಪ ತಲೆಯಾಡಿಸುವುದೇ ಅದರ ಸ್ವಭಾವ ಎಂದುಕೊಂಡು ಆ ನಡುಕದ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ.

ವಾದಿರಾಜರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ತಯಾರಿಕೆಯ ದೋಷ ಎಂದು ಬರೆದುಬಿಡುತ್ತೇನೆ ಎಂದರು. ಹೊಸ ಡಿಸ್ಕು ಬರುತ್ತದೆ, ಹಿಂದೆ ಬರೆದ ಸಾಲು ರದ್ದಾಗುತ್ತದೆ, ತಪ್ಪು ಕಂಪನಿಯ ತಲೆಗೆ ಹೋಗುತ್ತದೆ, ಅಷ್ಟು ದೊಡ್ಡ ಕಂಪನಿಗೆ ಅದೊಂದು ಲೆಕ್ಕವಲ್ಲ. ನನಗೆ ಅವರ ಕಾಲು ಹಿಡಿಯುವಷ್ಟು ಸಂತೋಷವಾಯಿತು. ಬೋರ್ಡು ಉಳಿಯಿತು, ಹದಿನಾಲ್ಕೂ ಜನ ವಾಪಸ್ಸು ಬಂದರು ಎಂದೇ ಲೆಕ್ಕ ಹಾಕಿದೆ.

"ಬೇಡ," ಎಂದಳು ದೊಡ್ಡಮ್ಮ. "ಕಾಲಲ್ಲೇ ಹಿಡೀರಿ ಅಂತ ಈ ಊರಿಗೆಲ್ಲ ಹೇಳ್ಕೊಟ್ಟೋಳು ನಾನು. ಕಂಪನಿ ತಪ್ಪು ಅಂತ ನೀವು ಬರೆದ್ರೆ, ಅವರೆಲ್ಲ ನಾಳೆನೂ ಹಂಗೇ ಹಿಡೀತಾರೆ. ಯಾವತ್ತೋ ಒಂದಿನ ಯಾರ್ದೋ ಗಾಡಿ ನಿಲ್ದೇ ಹೋದ್ರೆ ನಾನೇನ್ ಉತ್ತರ ಹೇಳ್ಲಿ? ತಪ್ಪು ನಂದೇ ಅಂತ ಬರೀರಿ. ಆದ್ರೆ ಬ್ರೇಕ್ ಬರಲ್ಲ ಅಂತ ಮಾತ್ರ ಬರೀಬೇಡಿ. ಅದು ಸುಳ್ಳು."

ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಆ ಸಾಲು ಬರಲು ಕಾರಣ ನಾನು ಎಂದೆ. ಡ್ರಾಯರಿನಿಂದ ಅರ್ಜಿಯ ನಕಲು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನಿಧಾನವಾಗಿ ಓದಿದಳು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಹೊಗಳಿದ್ದೀಯೇನೋ ಇದ್ರಲ್ಲಿ?"

ಹೌದೆಂದು ತಲೆ ತಗ್ಗಿಸಿದೆ.

"ಎದುರಿಗೆ ಒಂದಿನ ಒಂದ್ ಒಳ್ಳೆ ಮಾತಾಡ್ಲಿಲ್ಲ. ಗುರುತಿಲ್ಲದ ಕಂಪನಿಯವರ ಹತ್ರ ಹೇಳ್ಕೊಂಡಿದ್ದೀಯ ನೋಡು," ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಅದು ಕಂಪನಿಗೆ ಸೇರಿದ ನಕಲು, ಹಾಗೆಲ್ಲ ಒಯ್ಯುವ ಹಾಗಿಲ್ಲ. ನಾನು ಕೇಳಲು ಹೋಗಲಿಲ್ಲ.

ವಾದಿರಾಜರು ಪೆನ್ನು ಹಿಡಿದು ಕೂತೇ ಇದ್ದರು. ಅವರ ವರದಿಯಲ್ಲಿ, ಹಾನಿಗೆ ಕಾರಣ, ಎಂಬ ಕಾಲಮ್ಮು ಖಾಲಿ ಬಿಡುವಂತಿಲ್ಲ. ತಯಾರಿಕೆಯ ದೋಷವೂ ಬೇಡ, ಚಾಲಕಿಗೆ ತಿಳಿಯದು ಎಂಬುದೂ ಬೇಡ ಎಂದರೆ ನಾನು ಏನೆಂದು ಬರೆಯಲಿ, ನೀವೇ ಹೇಳಿ, ಎಂದರು. ದೊಡ್ಡಮ್ಮ ಬ್ಯಾಗಿನ ಜಿಪ್ ಎಳೆದಳು.

"ಮರ್ಯಾದೆ ಅಂತ ಬರ್ಕೊಳಿ."

ಅವರು ನಗಲಿಲ್ಲ. ಹಾಗೇ ಬರೆದುಕೊಂಡು, ಅವಳಿಗೆ ತೋರಿಸಿ, ಸಹಿ ಹಾಕಿಸಿಕೊಂಡು ಹೋದರು.

ಮೂರು ವಾರಕ್ಕೆ ಉತ್ತರ ಬಂತು. ಈ ಸಲ ನಾನೇ ಎಲ್ಲರಿಗಿಂತ ಮೊದಲು ಒಡೆದೆ. ವಾರಂಟಿ ಯಾವುದಕ್ಕೆ ಅನ್ವಯಿಸುವುದಿಲ್ಲ ಎಂದು ಕಂಪನಿಯ ಪುಸ್ತಕದಲ್ಲಿ ಹತ್ತೊಂಬತ್ತು ಕಾರಣಗಳಿವೆ. ಅಪಘಾತ, ಪ್ರವಾಹ, ಅತಿಭಾರ, ಪಂದ್ಯ, ನಿರ್ಲಕ್ಷ್ಯ, ಇಲಿ ಕಡಿತ, ಹೀಗೆ. ಮರ್ಯಾದೆ ಎಂಬುದು ಅದರಲ್ಲಿ ಎಲ್ಲೂ ಇಲ್ಲದ ಕಾರಣ ಅರ್ಜಿಯನ್ನು ಒಪ್ಪಿಕೊಳ್ಳಲಾಗಿದೆ, ಚಾಲಕಿಯ ತಿಳಿವಳಿಕೆಯ ಬಗ್ಗೆ ಹಿಂದೆ ಬರೆದದ್ದನ್ನು ವಾಪಸ್ಸು ಪಡೆಯಲಾಗಿದೆ ಎಂದಿತ್ತು. ಕಾಗದ ಹಿಡಿದು ದೊಡ್ಡಮ್ಮನ ಮನೆಗೆ ಓಡಿದೆ. ಅಡ್ಡ ಸಿಕ್ಕಿದ ಪ್ರತಿಯೊಬ್ಬರಿಗೂ ಓದಿ ಹೇಳುತ್ತಾ ಓಡಿದ್ದರಿಂದ ಮುಟ್ಟುವುದು ಸ್ವಲ್ಪ ತಡವಾಯಿತು.

ಹೊಸ ಡಿಸ್ಕು ಹಾಕಿದ ದಿನ ಮಧ್ಯಾಹ್ನ ದೊಡ್ಡಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಇಷ್ಟು ವರ್ಷ ಕಲಿಸಿದ್ದನ್ನು ತಿದ್ದಬೇಕು, ಮನೆಮನೆಗೆ ಹೋಗಿ ಹೇಳಬೇಕು ಎಂದಳು. ಎಲ್ಲರನ್ನೂ ಒಂದು ಕಡೆ ಕರೆಸಿ ಹೇಳಿದರಾಗದೇ ಎಂದು ಕೇಳಿದೆ. ಬ್ರೇಕನ್ನು ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ, ಹಿಡಿದೇ ತೋರಿಸಬೇಕು ಎಂದಳು. ಮೊದಲ ಮನೆ ಯಾವುದೆಂದು ನಾನು ಕೇಳಬೇಕಾಗಿರಲಿಲ್ಲ. ಕಾರು ಒಂದಿಷ್ಟೂ ನಡುಗದೆ ಇಳಿದು ಚಂದ್ರಮೌಳಿಯವರ ಗೇಟಿನ ಮುಂದೆ ನಿಂತಿತು.

ಅವಳ ಕೈ ಹ್ಯಾಂಡ್ ಬ್ರೇಕಿನ ಹತ್ತಿರ ಹೋಯಿತು, ಹಿಂದಕ್ಕೆ ಬಂತು. ಸೆರಗು ಸರಿಮಾಡಿಕೊಂಡಳು. ಮಗಳನ್ನು ಬಿಡಿಸಿಕೊಂಡು ಹೋದವರ ಮನೆಯ ಮುಂದೆ, ಬಾಳಿನಲ್ಲೇ ಮೊದಲ ಸಲ, ಊಟದ ಹೊತ್ತಿಗೆ ಸರಿಯಾಗಿ ಎಳೆಯುವುದೆಂದರೆ ಹುಡುಗಾಟವೇ? ಒಳಗಿನವರು ಕೇಳಿಸದ ಹಾಗೆ ಇದ್ದುಬಿಟ್ಟರೆ ಅದಕ್ಕಿಂತ ಅವಮಾನ ನಮ್ಮೂರಿನಲ್ಲಿ ಇಲ್ಲ. ಕಂಪನಿ ವಾಪಸ್ಸು ಪಡೆದ ಮಾತನ್ನು ಊರು ವಾಪಸ್ಸು ಪಡೆದಿದೆಯೋ ಇಲ್ಲವೋ ಎಂಬುದು ಆ ಬಾಗಿಲಲ್ಲೇ ಗೊತ್ತಾಗಬೇಕಿತ್ತು. ಮುಂದಿನ ಮನೆಯಿಂದ ಶುರು ಮಾಡೋಣ ದೊಡ್ಡಮ್ಮ, ಎಂದೆ. ಅವಳು ಎಳೆದೇಬಿಟ್ಟಳು.

ಹೊಸ ಕಾರಿನ ಹ್ಯಾಂಡ್ ಬ್ರೇಕು ಅಷ್ಟು ಜೋರಾಗಿ ಕಿರ್ರೆನ್ನುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎದುರು ಮನೆಯ ಕಿಟಕಿಯಲ್ಲಿ ಎರಡು ತಲೆ ಕಾಣಿಸಿಕೊಂಡವು. ಚಂದ್ರಮೌಳಿಯವರ ಮನೆಯೊಳಗೆ ಒಗ್ಗರಣೆಯ ಸದ್ದು ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ. ದೊಡ್ಡಮ್ಮ ನೇರ ಮುಂದೆ ನೋಡುತ್ತಾ ಕೂತಿದ್ದಳು. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಅವಳ ಬಲಗಾಲು ಬ್ರೇಕಿನ ಮೇಲೇ ಇತ್ತು. ಕಾಲು ತೆಗಿ ದೊಡ್ಡಮ್ಮ, ಡಿಸ್ಕು ಕಾದಿರುತ್ತೆ, ಎಂದು ಮೆಲ್ಲಗೆ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ನಾನೂ ನನ್ನ ಪಾದವನ್ನು ನೆಲಕ್ಕೆ ಒತ್ತಿ ಹಿಡಿದಿದ್ದೆ.

ಬಾಗಿಲು ತೆರೆಯಿತು. ಬಿಂದು ಒದ್ದೆ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಳ್ಳುತ್ತಾ ಗೇಟಿನ ತನಕ ಬಂದು ಕಿಟಕಿಗೆ ಬಗ್ಗಿದಳು.

"ಬನ್ನಿ ಮೇಡಂ, ಎಲೆ ಹಾಕಿದೆ. ಅಪ್ಪಂಗೆ ನಿಮ್ಮ ಮುಖ ನೋಡಕ್ಕೆ ನಾಚಿಕೆಯಂತೆ, ಅದಕ್ಕೆ ತಲೆ ತಗ್ಗಿಸ್ಕೊಂಡು ಅವರೇ ಬಡಿಸ್ತಾರಂತೆ."

ದೊಡ್ಡಮ್ಮ ಬ್ರೇಕಿನಿಂದ ಕಾಲು ತೆಗೆದಳು.